ಒಪ್ಪುಗೈ ಎಂದರೆ ಒಪ್ಪಿಗೆಯಲ್ಲ
(ಧರ್ಮಪುರಿ, ಸೇಲಂ ಕಡೆಯ ನಮ್ಮ ಕುಟುಂಬಗಳಿಗಾಗಿ ಸರ್ಕಾರಿ ಸಹಾಯದ ಕೆಲವು ಪದಗಳು)

2017ರ ಮಳೆಗಾಲದಲ್ಲಿ ನಾವು ಒಬ್ಬ ಅಜ್ಜಿಗೆ ಒಂದು ಪತ್ರ ಬರೆದುಕೊಟ್ಟೆವು. ಆ ಪತ್ರದ ದೆಸೆಯಿಂದ ಅವರಿಗೆ ಹದಿನಾಲ್ಕು ತಿಂಗಳ ವೃದ್ಧಾಪ್ಯ ಪಿಂಚಣಿ ತಪ್ಪಿಹೋಯಿತು. ಆಗ ತಮಿಳುನಾಡಿನಲ್ಲಿ ಆ ಪಿಂಚಣಿ ತಿಂಗಳಿಗೆ 1,000 ರೂಪಾಯಿ. ಲೆಕ್ಕ ಯಾರು ಬೇಕಾದರೂ ಮಾಡಬಹುದು.

ಊರು ಧರ್ಮಪುರಿ ಜಿಲ್ಲೆಯದು, ಹೊಗೇನಕಲ್ಲಿನ ಕಡೆಗೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು, ಪೂಜೆಯಲ್ಲಿ ಎರಡೂ. ಅಜ್ಜಿಯ ಒಬ್ಬನೇ ಮಗ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗಿ, ಕಟ್ಟುವ ಕಟ್ಟಡದ ಪಕ್ಕದ ಶೆಡ್ಡಿನಲ್ಲೇ ಹೆಂಡತಿ ಮಕ್ಕಳೊಂದಿಗೆ ಇರುತ್ತಿದ್ದ. ಕ್ರಿಸ್ಮಸ್ಸಿಗೆ, ಪಾಸ್ಕ ಹಬ್ಬಕ್ಕೆ ತಪ್ಪದೆ ಬರುತ್ತಿದ್ದ. ಬಂದಾಗ ತಾಯಿಯ ಕಾಲಿಗೆ ಬಿದ್ದು ಆಶೀರ್ವಾದ ಬೇಡುತ್ತಿದ್ದ, ಸೀರೆ ತರುತ್ತಿದ್ದ. ದುಡ್ಡು ಮಾತ್ರ ಕಳಿಸಲು ಅವನ ಕೈಲಿ ಉಳಿಯುತ್ತಿರಲಿಲ್ಲ.

ತಾಲೂಕು ಕಚೇರಿಗೆ ಕೊಡಲು ಧರ್ಮಕೇಂದ್ರದಿಂದ ಒಂದು ಪತ್ರ ಬೇಕು ಎಂದು ಅಜ್ಜಿ ಕೇಳಿದರು. ಗುರುಮಠದಲ್ಲಿ ಲತೀನ್ ಕಲಿತಿದ್ದೆವು, ತತ್ವಶಾಸ್ತ್ರ ಓದಿದ್ದೆವು. ತಮಿಳನ್ನು ಮಾತ್ರ ಊರಿಗೆ ಬಂದ ಮೇಲೆ ಜನರ ಬಾಯಿಂದ ಕಲಿತದ್ದು. ಆದರೂ ಧೈರ್ಯವಾಗಿ ತಮಿಳಿನಲ್ಲೇ ಬರೆದೆವು. ಈ ತಾಯಿ ಬಡವರು, ಒಂಟಿಯಾಗಿ ವಾಸಿಸುತ್ತಾರೆ ಎಂದು ಮೊದಲ ಸಾಲು. ಮಗನ ಮರ್ಯಾದೆ ಕಾಯಬೇಕೆಂದು ಎರಡನೆಯ ಸಾಲಿನಲ್ಲಿ, ಅವರು ಮಗನ ‘ಆದರವು’ ಪಡೆದವರು ಎಂದು ಸೇರಿಸಿದೆವು. ನಮ್ಮ ಮನಸ್ಸಿನಲ್ಲಿದ್ದದ್ದು ಕನ್ನಡದ ಆದರ: ಗೌರವ, ಪ್ರೀತಿ. ತಮಿಳಿನಲ್ಲಿ ‘ಆದರವು’ ಎಂದರೆ ಆಸರೆ, ಪೋಷಣೆ. ಅರ್ಜಿಯ ತಲೆಯ ಮೇಲೆಯೇ ‘ಆದರವಟ್ರ’ ಎಂದು ಅಚ್ಚಾಗಿತ್ತು, ಅಂದರೆ ಆಸರೆ ಇಲ್ಲದವರು. ಇಲ್ಲದವರಿಗೆ ಎಂದು ಇಟ್ಟ ಅರ್ಜಿಯ ಹಿಂದೆ, ಇದೆ ಎಂದು ಹೇಳುವ ಗುರುಗಳ ಪತ್ರವನ್ನು ನಾವೇ ಮೊಹರು ಒತ್ತಿ ಲಗತ್ತಿಸಿದ್ದೆವು. ಅರ್ಜಿ ತಿರಸ್ಕೃತವಾಯಿತು. ಕಚೇರಿಯವರನ್ನು ದೂರುವಂತಿಲ್ಲ. ಅವರು ಬರೆದದ್ದನ್ನು ಓದಿದರು, ಅಷ್ಟೇ.

ಅಜ್ಜಿ ಬಂದು ಕೇಳಿದ ಮಾತು ಇಂದಿಗೂ ನೆನಪಿದೆ. “ಸ್ವಾಮಿ, ಮಗ ಚೆನ್ನಾಗಿ ನೋಡ್ಕೊಳ್ತಾನೆ ಅಂತ ಬರೆದ್ರಂತೆ, ಅದಕ್ಕೆ ಇಲ್ಲ ಅಂದ್ರು. ನೀವು ಸುಳ್ಳು ಬರೀಬೇಕಾಗಿತ್ತಾ?”

ಸುಳ್ಳು ಬೇಕಾಗಿರಲಿಲ್ಲ. ಅವರಿಗೆ ಮಗನ ಆದರ ಇತ್ತು, ಆದರವು ಇರಲಿಲ್ಲ. ಎರಡೂ ನಿಜ. ಪದ ಗೊತ್ತಿದ್ದರೆ ಎರಡನ್ನೂ ಬರೆಯಬಹುದಿತ್ತು. ಈ ವ್ಯತ್ಯಾಸವನ್ನು ನಮಗೆ ಬಿಡಿಸಿ ಹೇಳಿದವರು ನಮ್ಮ ಧರ್ಮಕೇಂದ್ರದವರೇ ಆದ ಒಬ್ಬ ನಿವೃತ್ತ ‘ತಲೈಯಾರಿ’, ಅಂದರೆ ನಮ್ಮ ಕಡೆ ತಳವಾರ ಎನ್ನುವಂತಹ ಗ್ರಾಮ ಸಹಾಯಕರು. ಅಂದಿನಿಂದ ಅವರ ಜೊತೆ ಕುಳಿತು ಒಂದು ನೋಟ್‌ಬುಕ್ಕಿನಲ್ಲಿ ಪದಗಳನ್ನು ಬರೆದಿಟ್ಟುಕೊಂಡೆವು. ಈ ಲೇಖನ ಆ ಪುಸ್ತಕದಿಂದ ಬಂದದ್ದು.

ನೆಂಟರಂತೆ ಕಾಣುವ ಪದಗಳು

ಧರ್ಮಪುರಿ 1965ರಲ್ಲಿ ಸೇಲಂ ಜಿಲ್ಲೆಯಿಂದ ಬೇರೆಯಾಯಿತು. ಅದರೊಳಗಿಂದ 2004ರಲ್ಲಿ ಕೃಷ್ಣಗಿರಿ ಬೇರೆಯಾಯಿತು. ಜಿಲ್ಲೆಗಳು ಒಡೆದರೂ ಮೂರರಲ್ಲಿಯೂ ಕನ್ನಡ ಮಾತಾಡುವ ಮನೆಗಳು ಇದ್ದೇ ಇವೆ. ಇಂಥ ಮನೆಯವರಿಗೆ ಕಚೇರಿಯ ತಮಿಳು ಪೂರ್ತಿ ಪರಕೀಯವಲ್ಲ, ಅರ್ಧಂಬರ್ಧ ಅರ್ಥವಾಗುತ್ತದೆ. ಅಪಾಯ ಇರುವುದೇ ಆ ಅರ್ಧದಲ್ಲಿ. ಏನೂ ಅರ್ಥವಾಗದಿದ್ದರೆ ಯಾರನ್ನಾದರೂ ಕೇಳುತ್ತೇವೆ. ಅರ್ಥವಾಯಿತು ಎಂದುಕೊಂಡಾಗ ಕೇಳುವುದಿಲ್ಲ.

ಕೆಲವು ಪದಗಳು ನಿಜವಾಗಿಯೂ ನೆಂಟರು. ‘ವಿಣ್ಣಪ್ಪಂ’ ಎಂದರೆ ಅರ್ಜಿ. ನಮ್ಮ ಹಳೆಯ ‘ಬಿನ್ನಪ’ವೇ ಅದು. ‘ತಗುದಿ’ ಎಂದರೆ ಅರ್ಹತೆ. ನಮ್ಮ ‘ತಕ್ಕ’ ಎಂಬ ಮಾತನ್ನು ನೆನೆದರೆ ಸಾಕು. ‘ವರುಮಾನ ಸಾನ್ರಿದಳ್’ ಎಂದರೆ ವರಮಾನದ ಪ್ರಮಾಣಪತ್ರ, ‘ವಾರಿಸು ಸಾನ್ರಿದಳ್’ ವಾರಸುದಾರರ ಪ್ರಮಾಣಪತ್ರ, ‘ಇರುಪ್ಪಿಡ ಸಾನ್ರಿದಳ್’ ಇರುವ ಕಡೆಯ, ಅಂದರೆ ವಾಸಸ್ಥಳದ ಪ್ರಮಾಣಪತ್ರ. ಇವುಗಳಲ್ಲಿ ಯಾರೂ ಎಡವುವುದಿಲ್ಲ.

ಎಡವುವುದು ‘ಒಪ್ಪುಗೈ ಚೀಟ್ಟು’ ಎಂಬಲ್ಲಿ. ಅರ್ಜಿ ಕೊಟ್ಟಾಗ ಕಚೇರಿಯವರು ಅಥವಾ ಇ-ಸೇವೈ ಕೇಂದ್ರದವರು ಕೊಡುವ ಚೀಟಿ ಇದು. ಇದನ್ನು ‘ಒಪ್ಪಿಗೆ ಚೀಟಿ’ ಎಂದು ತಿಳಿದು, ಸರ್ಕಾರ ಒಪ್ಪಿತು, ಇನ್ನೇನು ದುಡ್ಡು ಬರುತ್ತದೆ ಎಂದು ತಿಂಗಳುಗಟ್ಟಲೆ ಕಾದು ಕುಳಿತ ಮೂರು ಮನೆಗಳನ್ನು ನಾವು ಬಲ್ಲೆವು. ಒಬ್ಬರಂತೂ ಆ ನಂಬಿಕೆಯ ಮೇಲೆ ಕೈಸಾಲ ಮಾಡಿದ್ದರು. ಒಪ್ಪುಗೈ ಎಂದರೆ ನಿಮ್ಮ ಅರ್ಜಿ ನಮ್ಮ ಕೈಸೇರಿದೆ ಎಂಬ ಸ್ವೀಕೃತಿ ಮಾತ್ರ. ಹಾಗೆಂದು ಅದನ್ನು ಎಸೆಯಬೇಡಿ. ಅದರ ಮೇಲಿನ ಅರ್ಜಿ ಸಂಖ್ಯೆ ಮತ್ತು ದಿನಾಂಕ ಇಲ್ಲದೆ ಮುಂದೆ ಯಾವ ಕಿಟಕಿಯಲ್ಲೂ ನಿಮ್ಮ ಮಾತು ನಡೆಯುವುದಿಲ್ಲ.

ನಿಜವಾದ ಒಪ್ಪಿಗೆಗೆ ಅಲ್ಲಿ ‘ಆಣೈ’ ಎನ್ನುತ್ತಾರೆ. ಇದೂ ಮೋಸದ ಪದ. ಕನ್ನಡದಲ್ಲಿ ಆಣೆ ಎಂದರೆ ಪ್ರಮಾಣ ಮಾಡುವುದು. ಅಲ್ಲಿ ಆಣೈ ಎಂದರೆ ಆದೇಶ. “ಆಣೈ ಆಯಿತಾ?” ಎಂದು ಗುಮಾಸ್ತರು ಕೇಳಿದಾಗ, ದೇವರ ಮೇಲೆ ಆಣೆ ಇಡಲು ಹೇಳುತ್ತಿದ್ದಾರೆ ಎಂದುಕೊಂಡು ಕೊರಳ ಜಪಸರ ಹಿಡಿದು ನಿಂತ ಹೆಂಗಸನ್ನು ನಾವೇ ಕಂಡಿದ್ದೇವೆ. ಗುಮಾಸ್ತರಿಗೂ ನಗು ಬಂತು, ಆಕೆಗೂ ಬಂತು. ಕೆಲಸವೂ ಬೇಗ ಆಯಿತು ಅನ್ನಿ.

‘ನಿಲುವೈ’ ಎಂದರೆ ಬಾಕಿ, ಇತ್ಯರ್ಥವಾಗಿಲ್ಲ ಎಂದರ್ಥ. ‘ನಿರಾಗರಿಪ್ಪು’ ಎಂದರೆ ನಿರಾಕರಣೆ. ಇವೆರಡರ ನಡುವೆ ಭೂಮಿ ಆಕಾಶದಷ್ಟು ದೂರ. ನಿಲುವೈ ಆದರೆ ಹೋಗಿ ಕೇಳಬೇಕು, ನಿರಾಗರಿಪ್ಪು ಆದರೆ ಕಾರಣ ಏನೆಂದು ತಿಳಿದು ಮತ್ತೆ ಹಾಕಬೇಕು. ‘ಪರಿಂದುರೈ’ ಎಂದರೆ ಶಿಫಾರಸು. ಗ್ರಾಮ ಆಡಳಿತ ಅಧಿಕಾರಿ, ಎಲ್ಲರ ಬಾಯಲ್ಲಿ ವಿ.ಎ.ಓ., ಇದನ್ನು ಬರೆಯುತ್ತಾರೆ. ಹಿಂದೆ ಕರಣಂ ಎಂದು ವಂಶಪಾರಂಪರ್ಯವಾಗಿ ಬರುತ್ತಿದ್ದ ಹುದ್ದೆಯನ್ನು ತಮಿಳುನಾಡು ಸರ್ಕಾರ 1980ರಲ್ಲಿ ರದ್ದುಮಾಡಿದ ಮೇಲೆ ಬಂದವರು ಈ ವಿ.ಎ.ಓ. ಅವರ ಮೇಲೆ ರೆವಿನ್ಯೂ ಇನ್‌ಸ್ಪೆಕ್ಟರು. ಕರ್ನಾಟಕದಲ್ಲಿ ಹೋಬಳಿ ಎಂದು ಕರೆಯುವುದನ್ನು ಅಲ್ಲಿ ‘ಫಿರ್ಕಾ’ ಎನ್ನುತ್ತಾರೆ. ಹೊಸೂರಿನ ಈಚೆಯಿಂದ ಮದುವೆಯಾಗಿ ಹೋದ ಹೆಣ್ಣುಮಕ್ಕಳು ಅರ್ಜಿಯಲ್ಲಿ ಫಿರ್ಕಾ ಎಂಬ ಜಾಗವನ್ನು ಖಾಲಿ ಬಿಡುವುದು ಸಾಮಾನ್ಯ.

‘ಮನು’ ಎಂದರೆ ಮನವಿ. ಸೋಮವಾರ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಜನರ ಕುಂದುಕೊರತೆ ಕೇಳುವ ದಿನ ಕೊಡುವುದು ಈ ಮನುವನ್ನೇ. ವರ್ಷಕ್ಕೊಮ್ಮೆ ತಾಲೂಕಿನಲ್ಲಿ ‘ಜಮಾಬಂದಿ’ ನಡೆಯುತ್ತದೆ. ಅದು ಮೂಲತಃ ಕಂದಾಯ ಲೆಕ್ಕಗಳ ತಪಾಸಣೆ. ಆದರೆ ಹಿರಿಯ ಅಧಿಕಾರಿ ಊರ ಬಾಗಿಲಿಗೆ ಬಂದಿರುವಾಗ ಜನ ಪಿಂಚಣಿ, ಪಟ್ಟಾ ಎಲ್ಲದರ ಮನುಗಳನ್ನೂ ಅಲ್ಲೇ ಕೊಡುತ್ತಾರೆ. ಜಮೀನಿನ ಕಾಗದದಲ್ಲಿ ‘ಫಸಲಿ 1434’ ಎಂದಿದ್ದರೆ ಗಾಬರಿ ಬೇಡ. ಅದು ಮೊಗಲರ ಕಾಲದಿಂದ ಬಂದ ಕಂದಾಯ ವರ್ಷ, ಜುಲೈನಿಂದ ಜೂನ್‌ವರೆಗೆ. 590 ಕೂಡಿಸಿದರೆ ಅದು ಶುರುವಾದ ಇಸವಿ ಸಿಗುತ್ತದೆ, ಅಂದರೆ 2024.

ಪಿಂಚಣಿ

ತಮಿಳುನಾಡಿನಲ್ಲಿ ವೃದ್ಧಾಪ್ಯ ಪಿಂಚಣಿ 1962ರಷ್ಟು ಹಳೆಯದು. ‘ಮುದಿಯೋರ್ ಓಯ್ವೂದಿಯಂ’ ಎಂದು ಹೆಸರು. ಮುದಿಯೋರ್ ಯಾರೆಂದು ಹೇಳಬೇಕಿಲ್ಲ. ಓಯ್ವು ಎಂದರೆ ವಿಶ್ರಾಂತಿ, ಊದಿಯಂ ಎಂದರೆ ಸಂಬಳ. ಕಲ್ಲು ಹೊತ್ತು, ಕಳೆ ಕಿತ್ತು ಸವೆದ ಜೀವಕ್ಕೆ ವಿಶ್ರಾಂತಿಯ ಸಂಬಳ ಎನ್ನುವುದು ಬಹಳ ಸುಂದರವಾದ ಪದ ಎಂದು ನಮಗೆ ಅನಿಸುತ್ತದೆ. ಮೊತ್ತ 2011ರಲ್ಲಿ 1,000 ರೂಪಾಯಿ ಆಯಿತು, 2023ರ ಆಗಸ್ಟ್‌ನಲ್ಲಿ 1,200 ಆಯಿತು. ಪಾಸ್‌ಬುಕ್ಕಿನಲ್ಲಿ ಇಂಗ್ಲಿಷಿನ ಉದ್ದದ ಅಕ್ಷರಸಾಲು ಕಂಡರೆ ಅದು ಇಂದಿರಾ ಗಾಂಧಿ ಹೆಸರಿನ ರಾಷ್ಟ್ರೀಯ ಯೋಜನೆ. 1995ರಲ್ಲಿ ಬೇರೆ ಹೆಸರಿನಿಂದ ಶುರುವಾಗಿ 2007ರಲ್ಲಿ ಈ ಹೆಸರು ಪಡೆದದ್ದು. ಅದರಲ್ಲಿ ಕೇಂದ್ರದ ಪಾಲು 60ರಿಂದ 79 ವರ್ಷದವರಿಗೆ 200 ರೂಪಾಯಿ, 80 ದಾಟಿದವರಿಗೆ 500 ಎಂದು ನಿಗದಿಯಾಗಿತ್ತು. ಮಿಕ್ಕದ್ದನ್ನು ರಾಜ್ಯ ಸೇರಿಸುತ್ತದೆ.

ವಿಧವೆಯರ ಪಿಂಚಣಿಯಲ್ಲೂ ‘ಆದರವಟ್ರ’ ಎಂಬ ಪದ ಇದೆ. ಇನ್ನೊಂದು, ಗಂಡ ಬಿಟ್ಟುಹೋದವರಿಗಾಗಿ ಇರುವುದು. ಅದರಲ್ಲಿ ಬಳಸುವ ಪದ ‘ಕೈವಿಡಪ್ಪಟ್ಟ’. ಕೈಬಿಡಲ್ಪಟ್ಟ ಎಂದು ಕನ್ನಡಿಗರಿಗೆ ತಟ್ಟನೆ ಹೊಳೆಯುತ್ತದೆ, ಹೊಳೆದ ಕೂಡಲೇ ಚುಚ್ಚುತ್ತದೆ. ನಮ್ಮ ಹೆಣ್ಣುಮಕ್ಕಳು ಈ ಅರ್ಜಿ ಹಾಕಲು ಹಿಂಜರಿಯುವುದು ಕಾಗದಪತ್ರದ ತೊಂದರೆಯಿಂದಲ್ಲ, ಈ ಪದದ ಕೆಳಗೆ ಸಹಿ ಮಾಡಬೇಕಲ್ಲ ಎಂಬ ಸಂಕಟದಿಂದ. ದೇವಾಲಯದಲ್ಲಿ ಮದುವೆಯಾದವರು, ಈ ಅರ್ಜಿ ಹಾಕಿದರೆ ವಿವಾಹ ಸಂಸ್ಕಾರ ಮುರಿದಂತಾಗುತ್ತದೆಯೇ ಎಂದೂ ಕೇಳುತ್ತಾರೆ. ಇಲ್ಲ. ಅದು ನಿಮ್ಮ ಈಗಿನ ಸ್ಥಿತಿಯ ಬಗ್ಗೆ ಸರ್ಕಾರಕ್ಕೆ ಕೊಡುವ ಹೇಳಿಕೆ. ಸಂಸ್ಕಾರದ ಪ್ರಶ್ನೆ ಬೇರೆ, ಅದನ್ನು ನಮ್ಮೊಂದಿಗೆ ಮಾತಾಡಿ.

ವಯಸ್ಸಿನ ದಾಖಲೆಯ ವಿಷಯ ಚುಟುಕಾಗಿ ಹೇಳುತ್ತೇವೆ. ಆಧಾರ್, ಮತದಾರರ ಚೀಟಿ, ಕುಟುಂಬದ ಕಾರ್ಡು ಮೂರರಲ್ಲಿ ಮೂರು ವಯಸ್ಸು ಇದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ, ಆಮೇಲೆ ಅರ್ಜಿ. ದೀಕ್ಷಾಸ್ನಾನದ ದಾಖಲೆ ಪುಸ್ತಕದಿಂದ ಪ್ರತಿ ಬೇಕಾದರೆ ಒಂದು ವಾರ ಮೊದಲು ತಿಳಿಸಿ. ಹಳೆಯ ಪುಸ್ತಕಗಳ ಹಾಳೆ ಮುಟ್ಟಿದರೆ ಪುಡಿಯಾಗುತ್ತದೆ, ಅವಸರದಲ್ಲಿ ಹುಡುಕಲಾಗುವುದಿಲ್ಲ.

ರೇಷನ್ ಕಾರ್ಡಿನ ಮೂಲೆಯ ಅಕ್ಷರಗಳು

ಕರ್ನಾಟಕದ ನಮ್ಮ ಓದುಗರಿಗೆ ಬಿಪಿಎಲ್, ಎಪಿಎಲ್, ಅಂತ್ಯೋದಯ ಗೊತ್ತು. ಗಡಿಯಾಚೆ ಬಿಪಿಎಲ್ ಕಾರ್ಡ್ ಎಲ್ಲಿ ಎಂದು ಕೇಳಿದರೆ ಯಾರಿಗೂ ತಿಳಿಯುವುದಿಲ್ಲ. ತಮಿಳುನಾಡಿನಲ್ಲಿ ಪಡಿತರ ಎಲ್ಲರಿಗೂ ಎಂಬ ಪದ್ಧತಿ. ಹಿಂದೆ ಹಸಿರು ಪುಸ್ತಕಕ್ಕೆ ಅಕ್ಕಿ, ಬಿಳಿ ಪುಸ್ತಕಕ್ಕೆ ಅಕ್ಕಿಯ ಬದಲು ಹೆಚ್ಚು ಸಕ್ಕರೆ. 2017ರಿಂದ ಪುಸ್ತಕ ಹೋಗಿ ಸ್ಮಾರ್ಟ್ ಕಾರ್ಡ್ ಬಂತು. ಅದರ ಮೇಲೆ ಇಂಗ್ಲಿಷಿನ ಸಂಕೇತಾಕ್ಷರಗಳು ಇರುತ್ತವೆ. ಪಿ.ಎಚ್.ಎಚ್. ಎಂದರೆ ಆದ್ಯತೆಯ ಕುಟುಂಬ. ಅದರ ಮುಂದೆ ಎ.ಎ.ವೈ. ಇದ್ದರೆ ಅಂತ್ಯೋದಯ, 35 ಕಿಲೋ ಅಕ್ಕಿ. ಎನ್.ಪಿ.ಎಚ್.ಎಚ್. ಎಂದರೆ ಆದ್ಯತೆಯಲ್ಲದ ಕುಟುಂಬ, ಆದರೂ ಅಕ್ಕಿ ಉಂಟು. ಅದರ ಮುಂದೆ ಎಸ್. ಬಂದರೆ ಸಕ್ಕರೆ ಮುಂತಾದವು ಮಾತ್ರ, ಅಕ್ಕಿ ಇಲ್ಲ. ಎನ್.ಸಿ. ಬಂದರೆ ಏನೂ ಇಲ್ಲ, ಗುರುತಿನ ಕಾಗದ ಮಾತ್ರ.

ಧರ್ಮಪುರಿಯಲ್ಲೇ ಇರುವ ತನಕ ಪಿ.ಎಚ್.ಎಚ್. ಮತ್ತು ಎನ್.ಪಿ.ಎಚ್.ಎಚ್. ಎರಡಕ್ಕೂ ಅಕ್ಕಿ ಸಿಗುವುದರಿಂದ ಆ ಒಂದು ‘ಎನ್’ ಅಕ್ಷರದ ಕಡೆ ಯಾರೂ ನೋಡುವುದಿಲ್ಲ. ಬೆಂಗಳೂರಿಗೆ ಗಾರೆ ಕೆಲಸಕ್ಕೆ, ಸೆಂಟ್ರಿಂಗಿಗೆ ಬಂದ ಮೇಲೆ ಅದು ಗೊತ್ತಾಗುತ್ತದೆ. ‘ಒಂದು ದೇಶ ಒಂದು ರೇಷನ್ ಕಾರ್ಡ್’ ಯೋಜನೆಗೆ ತಮಿಳುನಾಡು 2020ರ ಅಕ್ಟೋಬರ್‌ನಲ್ಲಿ ಸೇರಿತು. ಅದರಂತೆ ಆಚೆಯ ಕಾರ್ಡಿನವರು ಈಚೆಯ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳಚ್ಚು ಒತ್ತಿ ಧಾನ್ಯ ಪಡೆಯಬಹುದು. ಆದರೆ ಅದು ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಡಿ ಬರುವ ಆದ್ಯತೆ ಮತ್ತು ಅಂತ್ಯೋದಯ ಕಾರ್ಡುಗಳಿಗೆ ಮಾತ್ರ. ಒಂದೇ ಶೆಡ್ಡಿನಲ್ಲಿ ಮಲಗುವ ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಇಲ್ಲಿ ಅಕ್ಕಿ ಸಿಕ್ಕು ಇನ್ನೊಬ್ಬನಿಗೆ ಸಿಗದಿದ್ದರೆ ಅಂಗಡಿಯವನ ಪಕ್ಷಪಾತವಲ್ಲ, ಕಾರ್ಡಿನ ಅಕ್ಷರ ನೋಡಿ.

ಬೆಲೆಯಿಲ್ಲದ್ದು, ಉರಿಯಲ್ಲದ್ದು

2011ರ ನಂತರ ತಮಿಳುನಾಡಿನಲ್ಲಿ ಪುಕ್ಕಟೆ ಕೊಡುವ ವಸ್ತುಗಳಿಗೆ ‘ವಿಲೈಯಿಲ್ಲಾ’ ಎಂಬ ವಿಶೇಷಣ ಬಂತು. ಮಿಕ್ಸಿ, ಗ್ರೈಂಡರ್, ಫ್ಯಾನು, ಆಡು, ಅಕ್ಕಿ ಎಲ್ಲಕ್ಕೂ ಅದೇ. ತಮಿಳು ಕಿವಿಗೆ ಅದು ‘ಬಿಟ್ಟಿ’ ಎಂಬುದಕ್ಕಿಂತ ಗೌರವದ ಮಾತು. ಕನ್ನಡ ಕಿವಿಗೆ ಅದು ‘ಬೆಲೆಯಿಲ್ಲದ’ ಎಂದು ಕೇಳಿಸಿ, ಕೆಲಸಕ್ಕೆ ಬಾರದ್ದು ಎಂಬ ಅರ್ಥ ಕೊಟ್ಟುಬಿಡುತ್ತದೆ! ಒಂದು ಮನೆಯಲ್ಲಿ ಅಜ್ಜ ಆ ಗ್ರೈಂಡರನ್ನು ಬಹುಕಾಲ ಮುಟ್ಟಲಿಲ್ಲವಂತೆ, ಕರೆಂಟ್ ಹೊಡೆದೀತು ಎಂದು.

‘ಉರಿಮೈ’ಯದೂ ಅಂಥದೇ ಕಥೆ. ಬೆಂಕಿಗೂ ಅದಕ್ಕೂ ಸಂಬಂಧವಿಲ್ಲ, ಉರಿಮೈ ಎಂದರೆ ಹಕ್ಕು. ಮನೆಯ ಹೆಂಗಸರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವ ‘ಕಲೈಞರ್ ಮಗಳಿರ್ ಉರಿಮೈ ತೊಗೈ’ ಯೋಜನೆಯ ನೋಂದಣಿ ಶಿಬಿರವನ್ನು ಆಗಿನ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ 2023ರ ಜುಲೈ 24ರಂದು ಉದ್ಘಾಟಿಸಿದ್ದು ನಮ್ಮ ಧರ್ಮಪುರಿ ಜಿಲ್ಲೆಯ ತೊಪ್ಪೂರಿನಲ್ಲೇ. ಇದೇ ಜಿಲ್ಲೆಯಲ್ಲಿ 1989ರಲ್ಲಿ ತಮಿಳುನಾಡಿನ ಸ್ತ್ರೀ ಸ್ವಸಹಾಯ ಗುಂಪುಗಳು ಶುರುವಾದದ್ದು. ಸೆಪ್ಟೆಂಬರ್ 15ರಂದು ಹಣ ಕೊಡಲು ಆರಂಭವಾದಾಗ ಒಂದು ಕೋಟಿಗೂ ಮೀರಿದ ಹೆಂಗಸರು ಪಟ್ಟಿಯಲ್ಲಿದ್ದರು. ಕರ್ನಾಟಕದಲ್ಲಿ ಅದೇ ವರ್ಷ ಆಗಸ್ಟ್ 30ರಂದು ಗೃಹಲಕ್ಷ್ಮಿ ಆರಂಭವಾಯಿತು, 2,000 ರೂಪಾಯಿ.

ಅರ್ಜಿಯಲ್ಲಿ ‘ಕುಡುಂಬ ತಲೈವಿ’ ಎಂದಿತ್ತು, ಕುಟುಂಬದ ಯಜಮಾನಿ ಎಂದರ್ಥ. ಇಲ್ಲಿ ಕುಟುಂಬ ಎಂದರೆ ಒಂದು ರೇಷನ್ ಕಾರ್ಡಿನಲ್ಲಿ ಹೆಸರಿರುವವರು, ಒಂದೇ ಸೂರಿನ ಕೆಳಗೆ ಉಣ್ಣುವವರಲ್ಲ. ಒಂದು ಕಾರ್ಡಿಗೆ ಒಬ್ಬರೇ. ಈ ಒಂದು ಪದ ನಮ್ಮ ಎಷ್ಟು ಮನೆಗಳಲ್ಲಿ ಅತ್ತೆ ಸೊಸೆಯರ ಮಾತು ಬಿಡಿಸಿತು ಎಂಬುದನ್ನು ಪಾಪನಿವೇದನೆಯ ಗುಟ್ಟು ಒಡೆಯದೆಯೂ ಹೇಳಬಹುದು. ವಯಸ್ಸು 21 ಆಗಿರಬೇಕು, ಕುಟುಂಬದ ವಾರ್ಷಿಕ ವರಮಾನ ಎರಡೂವರೆ ಲಕ್ಷ ಮೀರಬಾರದು, ವರ್ಷಕ್ಕೆ ವಿದ್ಯುತ್ 3,600 ಯೂನಿಟ್ ದಾಟಬಾರದು ಎಂಬ ಷರತ್ತುಗಳಿದ್ದವು. ಅತ್ತೆಗೆ ವೃದ್ಧಾಪ್ಯ ಪಿಂಚಣಿ ಬರುತ್ತಿದ್ದರೆ ಸೊಸೆಗೆ ಇಲ್ಲ ಎಂದು ಮೊದಲು ಹೆದರಿಕೆ ಹಬ್ಬಿತ್ತು. ಅದೇ ಆಗಸ್ಟ್‌ನಲ್ಲಿ ಆ ನಿಯಮ ಸಡಿಲವಾಗಿ, ಅಂಥ ಮನೆಯ ಅರ್ಹ ಹೆಂಗಸರೂ ಅರ್ಜಿ ಹಾಕಬಹುದು ಎಂದಾಯಿತು. ಹೆದರಿ ಹಾಕದೆ ಉಳಿದವರಿಗೆ ಇದು ತಿಳಿಯಲೇ ಇಲ್ಲ.

ಸಹಾಯ ಎನ್ನುವುದನ್ನು ಹಕ್ಕು ಎಂದು ಕರೆದದ್ದನ್ನು ಕೆಲವರು ರಾಜಕೀಯ ಎಂದರು. ಇರಬಹುದು. ಆದರೆ ಪೋಪ್ 23ನೇ ಯೊವಾನ್ನರು 1963ರ ತಮ್ಮ ‘ಪಾಚೆಮ್ ಇನ್ ತೆರ್ರಿಸ್’ ಪತ್ರದಲ್ಲಿ ಕಾಯಿಲೆ, ವೈಧವ್ಯ, ಮುಪ್ಪು, ನಿರುದ್ಯೋಗಗಳ ಕಾಲದಲ್ಲಿ ಪೋಷಣೆ ಪಡೆಯುವುದನ್ನು ಮನುಷ್ಯನ ಹಕ್ಕುಗಳ ಸಾಲಿನಲ್ಲೇ ಇಟ್ಟಿದ್ದಾರೆ. ಆದ್ದರಿಂದ ತಾಲೂಕು ಕಚೇರಿಯ ಮುಂದೆ ನಿಲ್ಲುವ ನಮ್ಮ ತಾಯಂದಿರು ಭಿಕ್ಷೆಗೆ ನಿಂತವರಂತೆ ಸೆರಗು ಎಳೆದುಕೊಂಡು ಮುಖ ಮರೆಸಿಕೊಳ್ಳುವುದು ನಮಗೆ ಸಹಿಸದು.

ಇನ್ನೆರಡು ಪದಗಳು

ಎರಡೂ ಭಾಷೆಯಲ್ಲಿ ಒಂದೇ ಆಗಿರುವ ಒಂದು ಪದ ತೊಟ್ಟಿಲು. 1992ರಲ್ಲಿ ಸೇಲಂ ಜಿಲ್ಲೆಯಲ್ಲಿ ‘ತೊಟ್ಟಿಲ್ ಕುಳಂದೈ’ ಯೋಜನೆ ಬಂತು. ಹೆಣ್ಣುಮಗು ಬೇಡವೆಂದು ಕೊಲ್ಲುವ ಬದಲು ಸರ್ಕಾರದ ತೊಟ್ಟಿಲಲ್ಲಿ ಬಿಟ್ಟುಹೋಗಿ ಎಂಬುದು ಅದರ ಅರ್ಥ. 2001ರಲ್ಲಿ ಧರ್ಮಪುರಿಗೂ ಬಂತು. ಹೊಸದಾಗಿ ಬಂದ ವರ್ಷ ಒಂದು ಆರೋಗ್ಯ ಕೇಂದ್ರದ ಹೊರಗೆ ಆ ಖಾಲಿ ತೊಟ್ಟಿಲನ್ನು ನೋಡಿ, ಯಾರದೋ ನಾಮಕರಣದ್ದು ಇರಬೇಕು ಎಂದುಕೊಂಡಿದ್ದೆವು.

ಇನ್ನೊಂದು ‘ಸಾದಿ ಸಾನ್ರಿದಳ್’, ಜಾತಿ ಪ್ರಮಾಣಪತ್ರ. 1950ರ ರಾಷ್ಟ್ರಪತಿ ಆದೇಶದಿಂದಾಗಿ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನ ಸಿಗಲಿಲ್ಲ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಸಿಕ್ಕಿತು. ತಮಿಳುನಾಡಿನಲ್ಲಿ ಅವರನ್ನು ಹಿಂದುಳಿದ ವರ್ಗದಲ್ಲಿ, ‘ಬಿ.ಸಿ.’ ಎಂದು ಸೇರಿಸಿದ್ದಾರೆ. ಅಣ್ಣ ಎಸ್.ಸಿ., ತಮ್ಮ ಬಿ.ಸಿ. ಎಂದಿರುವ ಮನೆಗಳು ನಮ್ಮಲ್ಲಿವೆ. ಬಿ.ಸಿ. ಮತ್ತು ಅಲ್ಪಸಂಖ್ಯಾತರ ವಿದ್ಯಾರ್ಥಿವೇತನಗಳು ಬೇರೆ ಇವೆ, ಅವನ್ನು ಕೇಳಿ. ಉಳಿದ ಹೋರಾಟ ಇಡೀ ಧರ್ಮಸಭೆಯದು, ಅದಿನ್ನೂ ಮುಗಿದಿಲ್ಲ.

ತವರಿಗೆ ಹೆರಿಗೆಗೆ ಹೋಗುವ ಮಗಳಂದಿರಿಗೆ ಒಂದು ಮಾತು. ಅಲ್ಲಿ ಗರ್ಭಿಣಿಯರನ್ನು ನೋಂದಾಯಿಸಿ ಒಂದು ಸಂಖ್ಯೆ ಕೊಡುತ್ತಾರೆ, ಊರಿನವರು ‘ಪಿಕ್ಮಿ ನಂಬರ್’ ಎನ್ನುತ್ತಾರೆ. 2017ರಲ್ಲಿ ಮಗುವಿನ ಜನನ ಪ್ರಮಾಣಪತ್ರಕ್ಕೂ ಅದನ್ನು ಕಡ್ಡಾಯ ಮಾಡಿದರು. ಏಳನೇ ತಿಂಗಳಿಗೆ ಬೆಂಗಳೂರಿನಿಂದ ಹೋದವರು ಮೊದಲ ವಾರದಲ್ಲೇ ಊರಿನ ಆರೋಗ್ಯ ಕಾರ್ಯಕರ್ತೆಯನ್ನು ಕಂಡು ವಿಚಾರಿಸಿ. ‘ನೂರು ನಾಳ್ ವೇಲೈ’ಯ ಕಾಯಿದೆ 2005ರದು. ಅದರ ಬದಲಿಗೆ 125 ದಿನಗಳ ಹೊಸ ಕಾಯಿದೆಯನ್ನು ಸಂಸತ್ತು 2025ರ ಡಿಸೆಂಬರ್‌ನಲ್ಲಿ ಅಂಗೀಕರಿಸಿತು. ಜನರ ಬಾಯಲ್ಲಿ ಮಾತ್ರ ಅದು ನೂರು ದಿನದ ಕೆಲಸವೇ. ಕೆಲಸ ಕೇಳಿದ ದಿನ, ದಿನಾಂಕವಿರುವ ರಸೀದಿ ಪಡೆಯುವುದನ್ನು ಮರೆಯಬೇಡಿ.

ಅಜ್ಜಿಯ ವಿಷಯಕ್ಕೆ ಬರೋಣ. ಎರಡನೆಯ ಪತ್ರವನ್ನು ಆ ನಿವೃತ್ತ ತಲೈಯಾರಿಯವರು ಹೇಳಿಕೊಟ್ಟಂತೆ ಬರೆದೆವು. ಮಗ ಬೆಂಗಳೂರಿನಲ್ಲಿ ಕೂಲಿ, ತಾಯಿಗೆ ಹಣ ಕಳಿಸುವ ಸ್ಥಿತಿಯಲ್ಲಿಲ್ಲ, ತಾಯಿಗೆ ಬೇರೆ ವರಮಾನವಿಲ್ಲ, ಇಷ್ಟೇ. ಮಗ ಪಾಸ್ಕ ಹಬ್ಬಕ್ಕೆ ಬಂದಾಗ ತಾನೂ ಹಾಗೆಯೇ ಒಂದು ಹೇಳಿಕೆ ಬರೆದು ಸಹಿ ಹಾಕಿದ. ತನಗೆ ಸಾಕಲಾಗುತ್ತಿಲ್ಲ ಎಂದು ತಾನೇ ಬರೆಯಬೇಕಾದಾಗ ಅವನ ಕೈ ನಡುಗಿತು. ಅಜ್ಜಿ ಪಕ್ಕದಲ್ಲೇ ನಿಂತು, “ಬರಿಯಪ್ಪ, ಸ್ವಾಮಿ ತಪ್ಪಾಗಿ ಬರೆದದ್ದನ್ನ ನೀನು ಸರಿ ಮಾಡ್ತಿದ್ದೀಯ, ಅಷ್ಟೇ” ಎಂದರು. ಆಣೈ ಬಂದ ದಿನ ಅವರೇ ನಡೆದುಕೊಂಡು ಬಂದು ತೋರಿಸಿದರು. ಮೊದಲ ತಿಂಗಳ ಹಣದಲ್ಲಿ ಮೊಮ್ಮಗಳಿಗೆ ಚಪ್ಪಲಿ ಕೊಂಡರು.

ಪ್ರತಿ ತಿಂಗಳ ಎರಡನೆಯ ಭಾನುವಾರ, ಬೆಳಗಿನ ಪೂಜೆಯ ನಂತರ, ತಮಿಳು ಕಾಗದ ಓದಿ ಹೇಳಬಲ್ಲ ಇಬ್ಬರು ಧರ್ಮಕೇಂದ್ರದ ಸಭಾಂಗಣದಲ್ಲಿ ಕುಳಿತಿರುತ್ತಾರೆ. ಬರುವಾಗ ಅರ್ಜಿಯ ನಕಲು, ಒಪ್ಪುಗೈ ಚೀಟ್ಟು, ಪಾಸ್‌ಬುಕ್ಕು ತನ್ನಿ. ನಮ್ಮಿಂದ ಪತ್ರ ಬೇಕಾದರೆ ಯಾವ ಅರ್ಜಿಗೆ ಎಂದು ತೋರಿಸಿ. ಅದರ ತಲೆಬರಹ ಓದದೆ ನಾವು ಈಗ ಪೆನ್ನು ತೆಗೆಯುವುದಿಲ್ಲ.